ಜಾವರ್‌ನ ಬದನೆಕಾಯಿ ಮೂಸೆ: ಹಾರಿಹೋದ ಸತು, ಉಳಿದುಕೊಂಡ ಸೀಸ

ಪ್ರಶ್ನೆ: ನನ್ನ ತಮ್ಮನಿಗೆ ಬ್ಯಾಂಕ್ ಕೆಲಸದಲ್ಲಿ ರಾಜಸ್ಥಾನಕ್ಕೆ ವರ್ಗವಾಗಿದೆ. ಉದಯಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಜಾವರ್ ಗಣಿಯ ಪಕ್ಕದ ಹಳ್ಳಿಯಲ್ಲಿ ಮನೆ ಮಾಡಿದ್ದಾನೆ. ರಜೆಗೆ ಹೋಗಿದ್ದಾಗ ಅಲ್ಲಿನ ಹಳೇ ಮನೆಗಳ ಗೋಡೆಯಲ್ಲಿ ಕಲ್ಲು, ಇಟ್ಟಿಗೆ ಬದಲು ಉದ್ದನೆಯ ಮಣ್ಣಿನ ಕೊಳವೆಗಳನ್ನು ಜೋಡಿಸಿದ್ದು ನೋಡಿದೆವು. ಸುತ್ತಲಿನ ದಿಬ್ಬಗಳ ಮೇಲೂ ಅವೇ ರಾಶಿ ಬಿದ್ದಿವೆ. ನನ್ನ ಮಗ ಒಂದು ತುಂಡನ್ನು ಬ್ಯಾಗಿಗೆ ಹಾಕಿಕೊಂಡು ಬಂದ, ಈಗ ಅದು ನಮ್ಮ ಶೋಕೇಸಿನಲ್ಲಿದೆ. ಅದೇನು? ಅಲ್ಲಿಯದು ಸೀಸದ ಗಣಿ, ಮಣ್ಣು ನೀರು ಎಲ್ಲಾ ವಿಷ ಅಂತ ಕೆಲವರು ಹೆದರಿಸುತ್ತಾರೆ. ತಮ್ಮನ ಹೆಂಡತಿ ಹಿತ್ತಲಲ್ಲಿ ಸೊಪ್ಪು ಬೆಳೆಯುತ್ತಾಳೆ, ಮನೆಯಲ್ಲಿ ಮೂರು ವರ್ಷದ ಮಗು ಇದೆ. ಏನು ಮಾಡಬೇಕು?

ಉತ್ತರ: ಮೊದಲು ಆ ತುಂಡನ್ನು ಶೋಕೇಸಿನಿಂದ ತೆಗೆದು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅದು ಇದ್ದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದುಕೊಳ್ಳಿ. ಗಾಬರಿ ಬೇಡ. ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಅದರ ಒಳಗೆ ಬೂದು ಬಣ್ಣದ ಹುಡಿಯೋ ಗಟ್ಟಿ ಉಂಡೆಯೋ ಅಂಟಿಕೊಂಡಿದ್ದರೆ, ಅದರಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಯಾಕೆ ಅಂತ ಗೊತ್ತಾಗಬೇಕಾದರೆ ಆ ಕೊಳವೆ ಯಾವ ಕೆಲಸಕ್ಕೆ ಹುಟ್ಟಿತು ಅಂತ ತಿಳಿಯಬೇಕು. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಆ ಒಂದು ಕೊಳವೆಯಲ್ಲೇ ಇದೆ.

ಅದು ಕೊಳವೆ ಅಲ್ಲ, ಮೂಸೆ, ಅಂದರೆ ಅದಿರು ತುಂಬಿ ಬೆಂಕಿಯಲ್ಲಿ ಕಾಯಿಸುವ ಮಣ್ಣಿನ ಪಾತ್ರೆ. ಸತು ಬಟ್ಟಿ ಇಳಿಸುವ ಮೂಸೆ. ಇಡಿಯಾಗಿ ಸಿಕ್ಕಿದರೆ ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ, ಒಂದು ಕಡೆ ಉರುಟಾಗಿ ಮುಚ್ಚಿಕೊಂಡಿರುತ್ತದೆ, ಇನ್ನೊಂದು ಕಡೆ ಬಾಯಿ. ಥೇಟ್ ಉದ್ದ ಬದನೆಕಾಯಿ. ನಮ್ಮ ಹಳೇ ರಸಶಾಸ್ತ್ರದವರೂ ಇದನ್ನು ಹಾಗೇ ಕರೆದರು: ವೃಂತಾಕ ಮೂಷೆ. ವೃಂತಾಕ ಅಂದರೆ ಬದನೆಯೇ.

ಈಗ ಸತುವಿನ ಕಷ್ಟ ಏನು ಅಂತ ನೋಡಿ. ತಾಮ್ರ, ಕಬ್ಬಿಣ, ಸೀಸ ಇವನ್ನೆಲ್ಲ ಮನುಷ್ಯ ಸಾವಿರಾರು ವರ್ಷದಿಂದ ತೆಗೆಯುತ್ತಿದ್ದಾನೆ. ಅದಿರನ್ನು ಇದ್ದಿಲ ಜೊತೆ ಕಾಯಿಸಿದರೆ ಲೋಹ ಕೆಳಗೆ ಇಳಿದು ಕೂರುತ್ತದೆ. ಸತು ಹಾಗಲ್ಲ. ಅದು 420 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕರಗುತ್ತದೆ, 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆದರೆ ಅದಿರಿನಿಂದ ಅದನ್ನು ಬಿಡಿಸಬೇಕಾದರೆ ಸಾವಿರ ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಅಂದರೆ ಸತು ಹುಟ್ಟುವುದೇ ಆವಿಯಾಗಿ. ಆ ಆವಿಗೆ ಗಾಳಿ ತಗುಲಿತೋ, ಅಲ್ಲೇ ಉರಿದು ಬಿಳಿ ಹೊಗೆಯಾಗಿ ಹೋಗುತ್ತದೆ. ಕೈಗೆ ಬರುವುದು ಬೂದಿ ಮಾತ್ರ. ಅದಕ್ಕೇ ಹಳೇ ಕಾಲದವರು ಸತುವನ್ನು ಕಣ್ಣಿಂದ ನೋಡದೆಯೇ ಹಿತ್ತಾಳೆ ಮಾಡುತ್ತಿದ್ದರು. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮುಚ್ಚಿದ ಮೂಸೆಯಲ್ಲಿ ಕಾಯಿಸಿದರೆ ಆವಿ ನೇರವಾಗಿ ತಾಮ್ರದೊಳಗೆ ಇಳಿಯುತ್ತಿತ್ತು.

ಜಾವರ್‌ನ ಕುಲುಮೆಯವರು ಹಿಡಿದ ದಾರಿ ಬೇರೆ. ಆವಿ ಸಾಮಾನ್ಯವಾಗಿ ಮೇಲಕ್ಕೆ ಏಳುತ್ತದೆ ಅಲ್ವಾ? ಅವರು ಅದನ್ನು ಕೆಳಕ್ಕೆ ಇಳಿಸಿದರು.

ಮೂಸೆಗೆ ಹುರಿದ ಅದಿರಿನ ಪುಡಿಯನ್ನು ಬೇರೆ ಸಾಮಾನು ಸೇರಿಸಿ, ಸಣ್ಣ ಉಂಡೆ ಮಾಡಿ ತುಂಬುತ್ತಿದ್ದರು. ಬಾಯಿಗೆ ಆಲಿಕೆ ಥರದ ಒಂದು ಮಣ್ಣಿನ ನಳಿಗೆ ಸಿಕ್ಕಿಸಿ, ಸಂದನ್ನು ಹಸಿ ಮಣ್ಣಿನಿಂದ ಮೆತ್ತುತ್ತಿದ್ದರು. ಆಮೇಲೆ ಇಡೀ ಮೂಸೆಯನ್ನು ತಲೆಕೆಳಗೆ ಮಾಡಬೇಕು. ಆಗ ಒಳಗಿನ ಉಂಡೆಗಳೆಲ್ಲ ನಳಿಗೆಗೆ ಸುರಿದುಬಿಡುತ್ತವಲ್ಲ? ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ಇವತ್ತಿಗೂ ಬೆರಗು. ನಳಿಗೆಯ ಒಳಗಿಂದ ಮೂಸೆಯ ತನಕ ಒಂದು ಕಡ್ಡಿ ತೂರಿಸುತ್ತಿದ್ದರು. ಕಡ್ಡಿ ಅಡ್ಡ ಇರುವುದರಿಂದ ಉಂಡೆ ಬೀಳುವುದಿಲ್ಲ. ಕುಲುಮೆ ಕಾಯುತ್ತಾ ಬಂದ ಹಾಗೆ ಉಂಡೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಅಷ್ಟರಲ್ಲಿ ಕಡ್ಡಿ ಸುಟ್ಟುಹೋಗುತ್ತದೆ. ಅದು ಇದ್ದ ಜಾಗದಲ್ಲಿ ತೂತು ಉಳಿಯುತ್ತದೆ, ಆವಿ ಇಳಿಯಲು ಅದೇ ದಾರಿ. ನಿಮ್ಮ ಹತ್ತಿರ ಇರುವ ತುಂಡಿನಲ್ಲಿ ಒಳಗಿನ ಗಟ್ಟಿ ಉಳಿದಿದ್ದರೆ, ಕವರಿಗೆ ಹಾಕುವ ಮುಂಚೆ ಒಮ್ಮೆ ನೋಡಿ, ಮಧ್ಯೆ ಬೆರಳು ಗಾತ್ರದ ಒಂದು ಹಾದಿ ಕಂಡರೂ ಕಾಣಬಹುದು. ನೂರಾರು ವರ್ಷದ ಹಿಂದೆ ಯಾರೋ ತೂರಿಸಿದ ಕಡ್ಡಿಯ ಗುರುತು ಅದು.

ಕುಲುಮೆಗೆ ಎರಡು ಅಂಕಣ. ಮೇಲಿನದರಲ್ಲಿ ಬೆಂಕಿ ಮತ್ತು ಮೂಸೆಗಳು, ಕೆಳಗಿನದು ತಂಪು. ಮಧ್ಯೆ ತೂತುಗಳಿರುವ ಮಣ್ಣಿನ ಹಲಗೆ. ಆ ತೂತುಗಳಿಂದ ನಳಿಗೆಗಳ ಮೂತಿ ಮಾತ್ರ ಕೆಳಗೆ ಇಣುಕುತ್ತದೆ. ಒಂದು ಕುಲುಮೆಗೆ 36 ಮೂಸೆ. ಅಂಥ ಏಳು ಕುಲುಮೆ ಒಂದೇ ಸಾಲಿನಲ್ಲಿ. ಅಂದರೆ ಒಂದೇ ಸಲಕ್ಕೆ 252 ಮೂಸೆ ಉರಿಯುತ್ತಿದ್ದವು. ಮೇಲೆ ಸಾವಿರ ಡಿಗ್ರಿಗೂ ಜಾಸ್ತಿ ಬಿಸಿ ಇರಬೇಕು, ಅದರ ಕೆಳಗೆ ಒಂದೆರಡು ಗೇಣಿನಲ್ಲೇ ಸುಮಾರು 500 ಡಿಗ್ರಿ ಇರಬೇಕು. ಅದಕ್ಕಿಂತ ಜಾಸ್ತಿಯಾದರೆ ಆವಿ ದ್ರವವಾಗುವುದಿಲ್ಲ, ತೀರಾ ಕಡಿಮೆಯಾದರೆ ಸತು ನಳಿಗೆಯಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಥರ್ಮಾಮೀಟರ್ ಇಲ್ಲದ ಕಾಲ. ಬೆಂಕಿಯ ಬಣ್ಣ ನೋಡಿ, ಕೈಗೆ ತಾಗುವ ಶಾಖ ನೋಡಿ ಇದನ್ನೆಲ್ಲ ನಡೆಸಿದ್ದಾರೆ.

ಬೆಂಕಿಯ ಬಣ್ಣ ಅಂದೆನಲ್ಲ, ಅದಕ್ಕೆ ಸಾಕ್ಷಿಯೂ ಇದೆ. ರಸರತ್ನಸಮುಚ್ಚಯ ಅನ್ನುವ ಹಳೇ ರಸಗ್ರಂಥದಲ್ಲಿ ಸತು ತೆಗೆಯುವ ವಿಧಾನ ಬರುತ್ತದೆ. ಸತುವಿನ ಅದಿರಿಗೆ ಅರಿಶಿನ, ಅಳಲೆಕಾಯಿ, ರಾಳ, ಉಪ್ಪು, ಮಸಿ, ಬಿಳಿಗಾರ, ಕರಿಗೇರು ಇವನ್ನೆಲ್ಲ ಹುಳಿರಸದಲ್ಲಿ ಅರೆದು ಸೇರಿಸಬೇಕು, ಕಾಯಿಸುವಾಗ ಉರಿ ನೀಲಿಯಿಂದ ಬಿಳಿಗೆ ತಿರುಗಿದರೆ ಹದ ಬಂತು ಅಂತ ಅದು ಹೇಳುತ್ತದೆ. ಇವತ್ತಿನ ರಸಾಯನಶಾಸ್ತ್ರದ ಪ್ರಕಾರವೂ ಇದು ನೂರಕ್ಕೆ ನೂರು ಸರಿ. ನೀಲಿ ಉರಿ ಕಾರ್ಬನ್ ಮಾನಾಕ್ಸೈಡ್ ಅನಿಲದ್ದು, ಬಿಳಿ ಉರಿ ಸತುವಿನ ಆವಿಯದ್ದು. ಅರಿಶಿನ, ಅಳಲೆಕಾಯಿ ಯಾಕಪ್ಪಾ ಅಂದರೆ, ಸುಟ್ಟಾಗ ಅವೂ ಇದ್ದಿಲೇ ಆಗುತ್ತವೆ. ಹುರಿದ ಅದಿರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳಲು ಇದ್ದಿಲು ಬೇಕೇ ಬೇಕು.

ಈ ಕುಲುಮೆಗಳ ವಿಷಯ ನಮಗೆ ಇಷ್ಟು ಖಚಿತವಾಗಿ ಗೊತ್ತಾಗಿದ್ದು 1983ರ ಸುಮಾರಿಗೆ. ಬ್ರಿಟಿಷ್ ಮ್ಯೂಸಿಯಂ, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಗಣಿ ನಡೆಸುವ ಹಿಂದೂಸ್ತಾನ್ ಜಿಂಕ್ ಕಂಪನಿ ಮೂರೂ ಸೇರಿ ಅಗೆದಾಗ ಮೂಸೆಗಳು ಇದ್ದ ಹಾಗೇ ಇದ್ದ ಕುಲುಮೆ ಸಿಕ್ಕಿತು. ಪಾಲ್ ಕ್ರಾಡಕ್, ಕೆ.ಟಿ.ಎಂ. ಹೆಗಡೆ ಮೊದಲಾದ ತಜ್ಞರು ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ದೊಡ್ಡ ಪ್ರಮಾಣದಲ್ಲಿ ಸತು ಬಟ್ಟಿ ಇಳಿಸಿದ ಜಾಗಗಳಲ್ಲಿ ಜಗತ್ತಿನಲ್ಲಿ ಈವರೆಗೆ ಗೊತ್ತಿರುವ ಅತಿ ಹಳೆಯದು ಇದೇ. ಸುಮಾರು 800 ವರ್ಷದ ಹಿಂದೆಯೇ ಇಲ್ಲಿ ಕೆಲಸ ಜೋರಾಗಿ ನಡೆಯುತ್ತಿತ್ತು. ಚೀನಾದಲ್ಲೂ ಸತು ತೆಗೆದಿದ್ದಾರೆ, ಅವರ ವಿಧಾನ ಬೇರೆ, ಕಾಲ ಇದಕ್ಕಿಂತ ಈಚಿನದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ಬಟ್ಟಿ ಇಳಿಸಲು ಪೇಟೆಂಟ್ ತೆಗೆದುಕೊಂಡಿದ್ದು 1738ರಲ್ಲಿ, ಅವನದೂ ಆವಿಯನ್ನು ಕೆಳಕ್ಕೆ ಇಳಿಸುವ ಕ್ರಮವೇ. ಅಮೆರಿಕದ ಎಎಸ್‌ಎಂ ಇಂಟರ್‌ನ್ಯಾಷನಲ್ ಅನ್ನುವ ಲೋಹತಜ್ಞರ ಸಂಘ 1988ರಲ್ಲಿ ಜಾವರನ್ನು ಚಾರಿತ್ರಿಕ ತಾಣ ಅಂತ ಗುರುತಿಸಿತು. ನಮ್ಮ ಬೀದರಿನ ಬಿದರಿ ಸಾಮಾನು ನೋಡಿದ್ದೀರಲ್ಲ, ಅದು ಮುಕ್ಕಾಲು ಪಾಲಿಗಿಂತ ಎಷ್ಟೋ ಜಾಸ್ತಿ ಸತುವೇ, ತಾಮ್ರ ಸ್ವಲ್ಪ. ಸತುವನ್ನು ಲೋಹವಾಗಿ ಹಿಡಿಯಲು ಬರದಿದ್ದ ನಾಡಿನಲ್ಲಿ ಅಂಥ ಕಲೆ ಹುಟ್ಟುತ್ತಲೇ ಇರಲಿಲ್ಲ.

ಗಣಿಯ ಕಥೆ ಇನ್ನೂ ಹಳೆಯದು, ಅದನ್ನು ಬೇಗ ಹೇಳಿಬಿಡುತ್ತೇನೆ. ಇಲ್ಲಿ ಡೋಲಮೈಟ್ ಕಲ್ಲಿನೊಳಗೆ ಸತು, ಸೀಸ ಎರಡೂ ಗಂಧಕದ ಜೊತೆ ಕೂಡಿಕೊಂಡಿವೆ, ಜೊತೆಗೆ ಒಂದಿಷ್ಟು ಬೆಳ್ಳಿ. ಜಾವರ್‌ಮಾಲಾ ಗುಡ್ಡದ ಹಳೇ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2,000 ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಅದು ಬಿರಿದ ಮೇಲೆ ಉಳಿಯಿಂದ ಕಿತ್ತು ತೆಗೆಯುತ್ತಿದ್ದರು. ಮೇವಾಡದ ರಾಣಾ ಲಾಖಾನ ಕಾಲದಲ್ಲಿ, ಅಂದರೆ 14ನೇ ಶತಮಾನದ ಕೊನೆಗೆ, ಬೆಳ್ಳಿ ಮತ್ತು ಸೀಸಕ್ಕಾಗಿ ಗಣಿ ಜೋರಾಯಿತು ಅಂತ ಅಲ್ಲಿನ ಇತಿಹಾಸ ಹೇಳುತ್ತದೆ. 19ನೇ ಶತಮಾನದ ಆರಂಭದಲ್ಲಿ ಯುದ್ಧ, ಬರ ಎಲ್ಲಾ ಸೇರಿ ಕುಲುಮೆಗಳು ಆರಿದವು. 1940ರ ದಶಕದಲ್ಲಿ ಗಣಿ ಮತ್ತೆ ಶುರುವಾಯಿತು. 1966ರಲ್ಲಿ ಹಿಂದೂಸ್ತಾನ್ ಜಿಂಕ್ ಸರ್ಕಾರಿ ಕಂಪನಿಯಾಗಿ ಹುಟ್ಟಿತು, 2002ರಲ್ಲಿ ಖಾಸಗಿ ಕೈಗೆ ಹೋಯಿತು. ಮೋಚಿಯಾ, ಬಲಾರಿಯಾ, ಜಾವರ್‌ಮಾಲಾ, ಬರೋಯಿ ಅನ್ನುವ ಗಣಿಗಳಲ್ಲಿ ಈಗಲೂ ಅದಿರು ತೆಗೆಯುತ್ತಾರೆ. ಹಳೇ ಸುರಂಗದ ಬಾಯಿಗಳು ಗುಡ್ಡದಲ್ಲಿ ಕಂಡರೆ ತಮ್ಮನವರು ಒಳಗೆ ಕಾಲಿಡಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಚಾವಣಿಗೂ ಭರವಸೆ ಇಲ್ಲ.

ಇನ್ನು ಮನೆ ಗೋಡೆಗಳು. ಈ ಮೂಸೆ ಒಂದೇ ಸಲಕ್ಕೆ. ಬಟ್ಟಿ ಇಳಿಸಿದ ಮೇಲೆ ಅದು ಕಲ್ಲಿನ ಹಾಗಾಗಿ, ಹೊರಮೈ ಕರಗಿ ಗಾಜಿನ ಥರ ಹೊಳೆಯುತ್ತದೆ, ಮತ್ತೆ ತುಂಬಲು ಬರುವುದಿಲ್ಲ. ಎಸೆದದ್ದೆಲ್ಲ ಸೇರಿ ಲಕ್ಷಾಂತರ ಟನ್ನಿನ ದಿಬ್ಬಗಳಾದವು. ಊರಿನ ಜನಕ್ಕೆ ಪುಕ್ಕಟೆ ಸಿಗುವ, ಮಳೆಗೆ ಕರಗದ ಇಟ್ಟಿಗೆ. ಅಡ್ಡ ಮಲಗಿಸಿ, ಉರುಟು ತುದಿ ಹೊರಗೆ ಕಾಣುವ ಹಾಗೆ ಸಾಲಿಟ್ಟು, ನಡುವೆ ಮಣ್ಣು ಮೆತ್ತಿ ಗೋಡೆ ಎಬ್ಬಿಸಿದರು. ದೂರದಿಂದ ನೋಡಿದರೆ ಸೌದೆ ಒಟ್ಟಿದ ಹಾಗೆ ಕಾಣುತ್ತದೆ. ಒಂದೊಂದು ಗೋಡೆಯಲ್ಲೂ ನೂರಾರು ಮೂಸೆ, ಒಂದೊಂದನ್ನೂ ಯಾರೋ ಕೈಯಿಂದ ಮೆತ್ತಿ ಮಾಡಿದ್ದು. ಆ ಕುಂಬಾರರ, ಕುಲುಮೆಯವರ ಒಂದು ಹೆಸರೂ ನಮಗೆ ಉಳಿದಿಲ್ಲ ಅನ್ನುವುದು ನನಗೆ ತುಂಬಾ ಬೇಸರದ ವಿಷಯ.

ಈಗ ಸೀಸಕ್ಕೆ ಬರುತ್ತೇನೆ. ಅದಿರಿನಲ್ಲಿ ಎರಡೂ ಇದ್ದವು ಅಂದೆನಲ್ಲ. ಸತು 907 ಡಿಗ್ರಿಗೆ ಆವಿಯಾಗಿ ಇಳಿದುಹೋಯಿತು. ಸೀಸ ಕುದಿಯಬೇಕಾದರೆ 1,700 ಡಿಗ್ರಿ ದಾಟಬೇಕು. ಆದ್ದರಿಂದ ಅದರಲ್ಲಿ ಬಹುಪಾಲು ಮೂಸೆಯಲ್ಲೇ ಕೂತಿತು. ನಿಮ್ಮ ತುಂಡನ್ನು ಕವರಿಗೆ ಹಾಕಿ ಅಂದಿದ್ದು ಇದಕ್ಕೇ. ಸೀಸದ ಸ್ವಭಾವವೇ ಹಾಗೆ, ಹೋದ ಕಡೆ ಕೂರುತ್ತದೆ. ಮಣ್ಣಿಗೆ ಬಿದ್ದರೆ ಮೇಲಿನ ಗೇಣು ಮಣ್ಣಿನಲ್ಲೇ ಅಂಟಿಕೊಂಡು ಶತಮಾನಗಟ್ಟಲೆ ಇರುತ್ತದೆ. ಮೈಯೊಳಗೆ ಹೋದರೆ ರಕ್ತದಿಂದ ತಿಂಗಳೊಪ್ಪತ್ತಿನಲ್ಲಿ ಕಡಿಮೆಯಾಗುತ್ತದೆ, ಆದರೆ ಅದರಲ್ಲಿ ಒಂದು ಪಾಲು ಕ್ಯಾಲ್ಸಿಯಂ ಅಂತ ವೇಷ ಹಾಕಿಕೊಂಡು ಮೂಳೆ ಸೇರಿ ದಶಕಗಳ ಕಾಲ ಕೂತುಬಿಡುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತನೇ ಒಂದು ಪಾಲು ಮೈಗೆ ಹತ್ತಿದರೆ, ಚಿಕ್ಕ ಮಕ್ಕಳಿಗೆ ಅರ್ಧದಷ್ಟು ಹತ್ತಬಹುದು. ಮಿದುಳು ಬೆಳೆಯುವ ವಯಸ್ಸಿನಲ್ಲಿ ಅದು ಮಾಡುವ ಹಾನಿ ವಾಪಸ್ ಬರುವುದಿಲ್ಲ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಸುಮ್ನೆ ಅಲ್ಲ.

ಹಾಗಂತ ಮಣ್ಣು ನೀರು ಎಲ್ಲಾ ವಿಷ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಗಣಿಗಳಲ್ಲಿ ಗಂಧಕದ ಅದಿರಿಗೆ ಮಳೆನೀರು ತಾಗಿ ಆಮ್ಲವಾಗುತ್ತದೆ, ಆ ಆಮ್ಲ ಲೋಹಗಳನ್ನು ಕರಗಿಸಿ ಹಳ್ಳಕ್ಕೆ ತರುತ್ತದೆ. ಜಾವರ್‌ನ ಕಲ್ಲು ಡೋಲಮೈಟ್, ಸುಣ್ಣದ ಜಾತಿ. ಹುಳಿಗೆ ಸೋಡಾ ಹಾಕಿದ ಹಾಗೆ ಅದು ಆಮ್ಲವನ್ನು ಅಲ್ಲೇ ಮುರಿಯುತ್ತದೆ. ಹಾಗಾಗಿ ಸೀಸ ಕರಗಿ ಬಾವಿಗೆ ಇಳಿಯುವುದು ಕಷ್ಟ. ಆದರೂ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸದೆ ಬಿಡಬೇಡಿ. ನೀರಿನಲ್ಲಿ ಕರಗಿದ್ದೆಲ್ಲವನ್ನೂ ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರ್ ಸೀಸವನ್ನು ಬೇರೆಯಾಗಿ ತೋರಿಸುವುದಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ಸೀಸ ಮತ್ತು ಕ್ಯಾಡ್ಮಿಯಂ (ಸತುವಿನ ಅದಿರಿನ ಜೊತೆ ಬರುವ ಇನ್ನೊಂದು ವಿಷಲೋಹ) ಎರಡನ್ನೂ ಅಳೆಯಲು ಹೇಳಿ. ನಮ್ಮ ದೇಶದ ಮಾನದಂಡದ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ದಾಟಬಾರದು. ಜಾಸ್ತಿ ಬಂದರೆ ಕುದಿಸಿ ಪ್ರಯೋಜನ ಇಲ್ಲ, ನೀರು ಆವಿಯಾಗಿ ಸೀಸ ಉಳಿಯುತ್ತದೆ. ಆರ್‌ಒ ಫಿಲ್ಟರ್ ಬೇಕು.

ನನ್ನ ಚಿಂತೆ ನೀರಿಗಿಂತ ಜಾಸ್ತಿ ಧೂಳಿನ ಬಗ್ಗೆ. ಆಫ್ರಿಕಾದ ಜಾಂಬಿಯಾದಲ್ಲಿ ಕಬ್ವೆ ಅನ್ನುವ ಊರಿದೆ. ಅಲ್ಲಿನ ಸೀಸ, ಸತು ಗಣಿ 1994ರಲ್ಲೇ ಮುಚ್ಚಿತು, ಆದರೆ ಅಂಗಳದ ಧೂಳಿನಿಂದ ಅಲ್ಲಿನ ಮಕ್ಕಳ ರಕ್ತದಲ್ಲಿ ಇವತ್ತಿಗೂ ಸೀಸ ಸಿಗುತ್ತಿದೆ. ಅಲ್ಲಿ ಸೀಸ ಕರಗಿಸುವ ದೊಡ್ಡ ಕಾರ್ಖಾನೆಯೂ ಇತ್ತು, ಅದಿರೂ ಬಹಳ ಸಮೃದ್ಧ, ಜಾವರನ್ನು ಅದಕ್ಕೆ ಸಮ ಅಂತ ನಾನು ಹೇಳುತ್ತಿಲ್ಲ. ದಾರಿ ಮಾತ್ರ ಒಂದೇ: ಅಂಗಳದ ಧೂಳು, ಮಗುವಿನ ಬೆರಳು, ಬಾಯಿ. ಮೂರು ವರ್ಷದ ಮಗು ದಿನಕ್ಕೆ ಎಷ್ಟು ಸಲ ಬಾಯಿಗೆ ಕೈ ಹಾಕುತ್ತದೆ ಅಂತ ನಿಮಗೇ ಗೊತ್ತು.

ಆದ್ದರಿಂದ ತಮ್ಮನ ಮನೆಯಲ್ಲಿ ಚಪ್ಪಲಿ ಹೊರಗೇ ಬಿಡಲಿ. ಒಣ ಪೊರಕೆಯಲ್ಲಿ ಗುಡಿಸಿದರೆ ಧೂಳು ಎದ್ದು ಮತ್ತೆ ಕೂರುತ್ತದೆ, ಅದರ ಬದಲು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಲಿ, ಕಿಟಕಿ ದಂಡೆಯನ್ನೂ ಸೇರಿಸಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಮಗುವಿನ ಕೈ ಸೋಪು ಹಾಕಿ ತೊಳೆಯಲಿ. ಮಗು ಆಡುವ ಮಣ್ಣು ದಿಬ್ಬದ ಕಡೆಯದ್ದಾಗಬಾರದು. ಗಣಿಯಲ್ಲಿ ಅದಿರು ಬೇರೆ ಮಾಡಿದ ಮೇಲೆ ಉಳಿಯುವ ನುಣ್ಣನೆ ಹುಡಿಯನ್ನಂತೂ ಅಂಗಳ ಸಮ ಮಾಡಲಿಕ್ಕೋ ಗಾರೆಗೋ ಯಾರು ಪುಕ್ಕಟೆ ಕೊಟ್ಟರೂ ಬೇಡ ಅನ್ನಲಿ. ಹೊಟ್ಟೆ ಖಾಲಿ ಇದ್ದಾಗ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆ ಇದ್ದಾಗ ಸೀಸ ಬೇಗ ಹತ್ತುತ್ತದೆ. ಮಗುವಿಗೆ ಹೊತ್ತಿಗೆ ಸರಿಯಾಗಿ ಊಟ, ಹಾಲು, ಮೊಸರು, ಕಾಳು ಸಿಗುತ್ತಿರಲಿ. ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು, ಊಹೆ ಮಾಡಿಕೊಂಡು ಹೆದರುವ ಬದಲು ಒಂದು ಅಂಕಿ ಕೈಯಲ್ಲಿರುತ್ತದೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು, ಮಕ್ಕಳ ಡಾಕ್ಟರ ಸಲಹೆ ತೆಗೆದುಕೊಳ್ಳಬೇಕು.

ಸೊಪ್ಪಿನ ವಿಷಯ ಸ್ವಲ್ಪ ಬೇರೆ. ಸೀಸ ಗಿಡದ ಬೇರಿನಲ್ಲೇ ನಿಂತುಬಿಡುತ್ತದೆ, ಎಲೆಗೆ ಏರುವುದು ಕಡಿಮೆ. ಎಲೆ ಮೇಲೆ ಕೂತ ಧೂಳಿನಿಂದಲೇ ಅದು ತಟ್ಟೆಗೆ ಬರುವುದು ಜಾಸ್ತಿ. ಆದರೆ ಸತುವಿನ ಅದಿರಿನ ಜೊತೆ ಸದಾ ಒಂದಿಷ್ಟು ಕ್ಯಾಡ್ಮಿಯಂ ಇರುತ್ತದೆ, ಅದು ಸೊಪ್ಪಿಗೆ ಸಲೀಸಾಗಿ ಏರಿಬಿಡುತ್ತದೆ, ತೊಳೆದರೂ ಹೋಗುವುದಿಲ್ಲ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸುವ ತನಕ ಹಿತ್ತಲ ನೆಲದಲ್ಲಿ ಪಾಲಕ್, ಮೂಲಂಗಿ, ಕ್ಯಾರೆಟ್ ಬೇಡ. ಟೊಮೆಟೊ, ಹೀರೆ ಹಾಕಲಿ, ಕಾಯಿಗೆ ಲೋಹ ಬರುವುದು ಸಾಮಾನ್ಯವಾಗಿ ಸೊಪ್ಪಿಗಿಂತ ಕಡಿಮೆ. ಸೊಪ್ಪು ಬೇಕೇ ಬೇಕು ಅಂದರೆ ಗಣಿಯಿಂದ ದೂರದ ಮಣ್ಣು ತರಿಸಿ, ಕುಂಡದಲ್ಲೋ ಎತ್ತರದ ಮಡಿಯಲ್ಲೋ ಬೆಳೆಯಲಿ, ಚೆನ್ನಾಗಿ ಕಳಿತ ಗೊಬ್ಬರ ಧಾರಾಳವಾಗಿ ಹಾಕಲಿ. ಗೊಬ್ಬರ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಗಿಡಗಳ ಮಾತು ಬಂತು ಅಂತ ಒಂದು ವಿಷಯ. ನಮ್ಮಲ್ಲಿ ಕರ್ಣಕುಂಡಲ, ಗೌರಿಹೂ ಅಂತ ಕರೆಯುವ ಗಿಡ ಜಾವರ್‌ನಲ್ಲಿ ಸತು ಜಾಸ್ತಿ ಇರುವ ನೆಲವನ್ನು ತೋರಿಸುತ್ತದೆ ಅಂತ ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಬೇರೆ ಗಿಡಗಳು ಸೊರಗುವ ಕಡೆ ಇದು ಹುಲುಸಾಗಿ ಬರುತ್ತದೆ. ಮಳೆಗಾಲದಲ್ಲಿ ತಮ್ಮನ ಹಿತ್ತಲಲ್ಲಿ ತಾನಾಗಿ ಒತ್ತೊತ್ತಾಗಿ ಎದ್ದರೆ, ಸೊಪ್ಪಿನ ಮಡಿಗೆ ಆ ಮೂಲೆ ಬಿಟ್ಟು ಬೇರೆ ಜಾಗ ನೋಡಲಿ.

ಕೊನೆಗೆ ಆ ತುಂಡು. ತಮ್ಮ ಊರಿಗೆ ಬಂದಾಗ ಅವನ ಕೈಯಲ್ಲಿ ಕೊಟ್ಟು ಕಳಿಸಿ, ಎತ್ತಿಕೊಂಡ ದಿಬ್ಬಕ್ಕೇ ವಾಪಸ್ ಹೋಗಲಿ. ಎಷ್ಟೊಂದು ಬಿದ್ದಿವೆ, ಒಂದು ಹೋದರೆ ಏನು ಅಂತ ಅನ್ನಿಸಬಹುದು. ಆದರೆ ಯಾವ ದಿಬ್ಬದ ಯಾವ ಪದರದಲ್ಲಿ ಎಂಥ ಮೂಸೆ ಇದೆ, ಅದರ ಪಕ್ಕ ಯಾವ ಇದ್ದಿಲು ಇದೆ ಅನ್ನುವುದರಿಂದಲೇ ಕಾಲ ಲೆಕ್ಕ ಹಾಕುವುದು. ಶೋಕೇಸಿನಲ್ಲಿ ಅದು ಒಂದು ಮಣ್ಣಿನ ಚೂರು ಅಷ್ಟೇ. ಮಗ ಬೇಜಾರು ಮಾಡಿಕೊಂಡರೆ, ಕೊಡುವ ಮುಂಚೆ ಅವನ ಜೊತೆ ಕೂತು ಕವರಿನ ಹೊರಗಿಂದಲೇ ಒಂದು ಚಿತ್ರ ಬರೆಸಿ, ಅಳತೆ ತೆಗೆಸಿ, ಹೊರಮೈಯ ಗಾಜಿನ ಹೊಳಪು, ಒಳಗಿನ ಕಡ್ಡಿಯ ತೂತು ಎಲ್ಲಿದೆ ಅಂತ ಗುರುತು ಹಾಕಿಸಿ. ಆ ಚಿತ್ರ ಶೋಕೇಸಿನಲ್ಲಿರಲಿ.